ಬರ್ಲಿನ್‌ನ ನಾಲ್ಕು ಸಾಲಿನ ಮಣೆ

ಬರ್ಲಿನ್‌ನಲ್ಲಿ ಎರಡು ತಿಂಗಳು ಇದ್ದು ಬಂದೆ ಎಂದ ಕೂಡಲೇ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಗೋಡೆಯ ಬಗ್ಗೆ. ಒಡೆದ ಗೋಡೆಯ ಒಂದು ಚೂರಾದರೂ ತರಬೇಕಿತ್ತು ಎಂದರು ಸಮಾಜ ವಿಜ್ಞಾನದ ಮೇಷ್ಟ್ರು. ನಾನು ತರಲಿಲ್ಲ, ಸರಿಯಾಗಿ ನೋಡಲೂ ಇಲ್ಲ. ಆ ಊರಲ್ಲಿ ನಾನು ನೋಡಿದ್ದು ಹೆಚ್ಚಾಗಿ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿ, ಅಲ್ಲಿ ಎದುರುಬದುರಾಗಿದ್ದ ಎರಡು ಬಾಗಿಲು, ಅವುಗಳಲ್ಲೊಂದರ ಹಿಂದೆ ಇದ್ದ ಮರದ ಮಣೆ. ಆ ಮಣೆಯ ಆಟ ಕಲಿತು ಬಂದಿದ್ದೇನೆ. ಕಲಿಸಿದವರಿಗೆ ಏನು ಮಾಡಿ ಬಂದೆ ಎಂಬುದನ್ನು ಸ್ಟಾಫ್ ರೂಮಿನಲ್ಲಿ ಹೇಳಲಿಲ್ಲ.

ಟೆಗೆಲ್ ವಿಮಾನ ನಿಲ್ದಾಣ

ನನ್ನ ತಂಗಿ ವಿದ್ಯಾಳಿಗೆ ಅಲ್ಲಿ ಹೆರಿಗೆಯಾಗಿತ್ತು. ಅಮ್ಮ ಇಲ್ಲ. ಅಕ್ಕ ಎಂದು ಇರುವವಳು ನಾನೊಬ್ಬಳು, ಕಾರ್ಕಳದ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಮದುವೆ ಗಿದುವೆ ಎಂದು ಕಟ್ಟಿಕೊಳ್ಳದವಳು. ಬೇಸಿಗೆ ರಜೆಗೆ ಸರಿಯಾಗಿ ಮಗು ಹುಟ್ಟಿದ್ದರಿಂದ ಬಾಣಂತನಕ್ಕೆ ಹೊರಟೆ. ಅಕ್ಕಪಕ್ಕದ ಹೆಂಗಸರು ನನಗೆ ಒಂದು ವಾರ ಪಾಠ ಮಾಡಿ, ಲೇಹ್ಯ, ಎಣ್ಣೆ, ಬಜೆ ಎಲ್ಲ ಕಟ್ಟಿ ಕೊಟ್ಟಿದ್ದರು.

ಟೆಗೆಲ್‌ನಲ್ಲಿ ಕಸ್ಟಮ್ಸ್‌ನವನು ಲೇಹ್ಯದ ಭರಣಿ ತೆರೆದ. ಕಪ್ಪಗೆ, ಅಂಟಂಟಾಗಿ, ಬೆಲ್ಲ ಮೆಣಸು ತುಪ್ಪದ ವಾಸನೆ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಕೊನೆಗೆ ನೀವೇ ತಿಂದು ತೋರಿಸಿ ಎಂದು ಸನ್ನೆ ಮಾಡಿದರು. ತಿಂದೆ. ವಿಮಾನ ನಿಲ್ದಾಣದಲ್ಲಿ ನಿಂತು ಬಾಣಂತಿ ಲೇಹ್ಯ ತಿಂದ ಮದುವೆಯಾಗದ ಹೆಂಗಸು ಪ್ರಪಂಚದಲ್ಲಿ ಬಹುಶಃ ನಾನೊಬ್ಬಳೇ. ಹೊರಗೆ ಕಾಯುತ್ತಿದ್ದ ವಿದ್ಯಾಳ ಗಂಡ ಪ್ರಶಾಂತನಿಗೆ ಹೇಳಿದರೆ ಅವನು ನಗಲಿಲ್ಲ.

"ಇಲ್ಲಿ ಹಾಗೆಲ್ಲ ಏನೂ ತರಬಾರದು ಅಕ್ಕ. ಪೇಪರ್ಸಲ್ಲಿ ಒಂದು ಪ್ರಾಬ್ಲಮ್ ಆದ್ರೆ ಎಲ್ಲದಕ್ಕೂ ಲಿಂಕ್ ಆಗುತ್ತೆ," ಎಂದ.

ಪ್ರಶಾಂತ ತುಮಕೂರಿನವನು, ಒಳ್ಳೆಯವನು. ಗ್ರೀನ್ ಕಾರ್ಡ್ ಎಂದು ಜರ್ಮನಿ ಕಂಪ್ಯೂಟರಿನವರನ್ನು ಕರೆಸಿಕೊಂಡ ಹೊಸದರಲ್ಲೇ ಬಂದವನು. ಐದು ವರ್ಷದ ಪರವಾನಗಿ. ಕೆಲಸ ಇದ್ದರೆ ಮಾತ್ರ ಅದಕ್ಕೆ ಜೀವ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ನನಗೆ ಕಂಡದ್ದು, ಮಗು ಹುಟ್ಟಿ ಹದಿನೈದು ದಿನ ಆಗಿದ್ದರೂ ನಿದ್ರೆಗೆಟ್ಟಿದ್ದು ಮಗುವಿನಿಂದಲ್ಲ ಎಂಬಂತಿದ್ದ ಅವನ ಮುಖ.

ಮೂರನೆಯ ಮಹಡಿ

ಅವರ ಮನೆ ಇದ್ದದ್ದು ಮೊದಲು ಪೂರ್ವ ಬರ್ಲಿನ್ ಎನಿಸಿಕೊಂಡಿದ್ದ ಭಾಗದಲ್ಲಿ. ಕೆಳಗೆ ಮೆಟ್ಟಿಲ ಬುಡದಲ್ಲಿ ಗಾಜಿನ ಚೌಕಟ್ಟಿನೊಳಗೆ ಕಟ್ಟಡದ ನಿಯಮಗಳನ್ನು ತೂಗುಹಾಕಿದ್ದರು. ವಿದ್ಯಾ ನನಗೆ ಅದನ್ನು ಓದಿ ಹೇಳಿದಳು: ಯಾವ ಕಸ ಯಾವ ತೊಟ್ಟಿಗೆ, ಮೆಟ್ಟಿಲು ಯಾರು ಯಾವ ವಾರ ಒರೆಸಬೇಕು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಸದ್ದು ಮಾಡಬಾರದು.

"ಮಗು ಅತ್ತರೆ?"

"ಮಗುವಿಗೆ ಪರವಾಗಿಲ್ಲ ಅಂತೆ. ನಿನಗೆ ಇಲ್ಲ ಮಾರಾಯ್ತಿ," ಎಂದಳು ವಿದ್ಯಾ.

ನಮ್ಮ ಕಡೆ ಬಾಣಂತಿಯ ಸ್ನಾನ ಎಂದರೆ ಹಂಡೆಯ ಹೊಗೆಯಿಂದಲೇ ಹತ್ತು ಮನೆಗೆ ಸುದ್ದಿ ಮುಟ್ಟುತ್ತದೆ. ಇಲ್ಲಿ ನಾನು ಕಳ್ಳತನ ಮಾಡುವವಳ ಹಾಗೆ ಸದ್ದಿಲ್ಲದೆ ನೀರು ಹೊಯ್ದೆ. ಒಂದು ದಿನ ಮಧ್ಯಾಹ್ನ ಕಾಳುಮೆಣಸು ಕುಟ್ಟಿದ್ದಕ್ಕೆ ಕೆಳಗಿನ ಮನೆಯ ಫ್ರೌ ಲೆಂಬ್ಕೆ ಎಂಬ ಮುದುಕಿ ಪೊರಕೆ ಹಿಡಿಯಿಂದ ತನ್ನ ಛಾವಣಿಗೆ, ಅಂದರೆ ನಮ್ಮ ನೆಲಕ್ಕೆ, ಮೂರು ಸಲ ಗುದ್ದಿದಳು. ಅಂದಿನಿಂದ ಒಂದರಿಂದ ಮೂರು, ತಾಯಿ ಮಗು ಮಲಗಿದ ಮೇಲೆ, ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೈ ಕಟ್ಟಿ ಕೂರತೊಡಗಿದೆ. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಲ್ಲೂ ಅಷ್ಟು ಬೇಸರವಾದದ್ದಿಲ್ಲ.

ಎದುರು ಬಾಗಿಲು

ಅಲ್ಲಿಯ ಬಾಗಿಲು ಎಳೆದರೆ ತಾನೇ ಬೀಗ ಬೀಳುತ್ತದೆ. ಒಂದು ಮಧ್ಯಾಹ್ನ ಕಸದ ಚೀಲ ಹೊರಗಿಡಲು ಬಂದವಳ ಹಿಂದೆ ಬಾಗಿಲು ಟಪ್ಪೆಂದು ಮುಚ್ಚಿಕೊಂಡಿತು. ಬೆಲ್ ಒತ್ತಿದರೆ ಈಗಷ್ಟೇ ಮಲಗಿದ ಮಗು ಏಳುತ್ತದೆ. ನೈಟಿ, ಮೇಲೊಂದು ಶಾಲು, ಎರಡು ಕೈಗೂ ಎಣ್ಣೆ. ಮೆಟ್ಟಿಲ ಮೇಲೆ ಚಳಿಗೆ ನಡುಗುತ್ತ ನಿಂತಿದ್ದಾಗ ಎದುರು ಬಾಗಿಲು ತೆರೆಯಿತು. ಎತ್ತರದ, ಕಪ್ಪು ಮೈಬಣ್ಣದ ಮುದುಕರು. ತಲೆಗೂದಲು ಪೂರ್ತಿ ಬೆಳ್ಳಗೆ.

"ಕೇಮ್ ಛೋ?" ಎಂದರು.

ಅದು ಗುಜರಾತಿ, ನನಗೆ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಗುಜರಾತಿ ಬಾರದ ಇಂಡಿಯನ್ ಇದ್ದಾರೆ ಎಂದು ನಂಬಲು ಅವರಿಗೆ ಕಷ್ಟವಾಯಿತು. ಅವರ ಹೆಸರು ಜುಮಾ. ಊರು ಜಾಂಜಿಬಾರ್, ಆಫ್ರಿಕಾದ ಪೂರ್ವ ಕರಾವಳಿಯ ದ್ವೀಪ. ಹುಡುಗರಾಗಿದ್ದಾಗ ಅವರ ಬೀದಿಯ ಅಂಗಡಿಗಳೆಲ್ಲ ಗುಜರಾತಿಗಳವು. ಆಮೇಲೆ ಅಚ್ಚಿನ ಕೆಲಸ ಕಲಿಯಲೆಂದು ಅಲ್ಲಿಯ ಸರಕಾರ ಅವರನ್ನು ಪೂರ್ವ ಜರ್ಮನಿಗೆ ಕಳಿಸಿತ್ತು. ಹೆಲ್ಗಾ ಎಂಬವರನ್ನು ಮದುವೆಯಾಗಿ ಇಲ್ಲೇ ನಿಂತರು. ಗೋಡೆ ಬಿದ್ದ ಮೇಲೆ ಅವರ ಅಚ್ಚಿನ ಮನೆ ಮುಚ್ಚಿತು. ಹೆಲ್ಗಾ ತೀರಿಕೊಂಡು ನಾಲ್ಕು ವರ್ಷ. ಇಷ್ಟನ್ನೂ ಮೆಟ್ಟಿಲಲ್ಲೇ ಹೇಳಿ, "ಕರೀಬು" ಎಂದು ಒಳಗೆ ಕರೆದರು.

ಹೋಗಲೋ ಬೇಡವೋ ಎಂದು ಅಳುಕಿದೆ. ಯಾಕೆ ಅಳುಕಿದೆ ಎಂದು ನನಗೆ ಗೊತ್ತು, ಓದುವವರಿಗೂ ಗೊತ್ತು. ಬೆಳ್ಳಗಿನ ಮುದುಕ ಕರೆದಿದ್ದರೆ ಅಷ್ಟು ಯೋಚಿಸುತ್ತಿರಲಿಲ್ಲ.

ಒಳಗೆ ಕಿಟಕಿಯ ಪಕ್ಕ ಸಣ್ಣ ಮೇಜು, ಮೇಜಿನ ಮೇಲೆ ಕುಳಿ ತೋಡಿದ ದಪ್ಪ ಮಣೆ. ಕುಳಿಗಳಲ್ಲಿ ಬೂದು ಬಣ್ಣದ, ಗುಂಡನೆಯ, ನಯವಾದ ಬೀಜ. ಒಂದನ್ನು ಕೈಗೆತ್ತಿಕೊಂಡೆ. ಗಜ್ಜುಗ! ಮಗುವಿನ ಹೊಟ್ಟೆನೋವಿಗೆ ಅಜ್ಜಿ ಕಲ್ಲಿನ ಮೇಲೆ ತೇಯುತ್ತಿದ್ದ ಅದೇ ಗಜ್ಜುಗ.

"ಇದು ನಮ್ಮಲ್ಲೂ ಉಂಟು," ಎಂದೆ. "ಈ ಆಟವೂ ಉಂಟು. ನಾವು ಚೆನ್ನೆಮಣೆ ಅನ್ನುತ್ತೇವೆ. ನನಗೆ ಬರುತ್ತದೆ."

ಅವರು ನಕ್ಕು ಕುರ್ಚಿ ಎಳೆದರು.

ಮೊದಲ ಪಾಠಗಳು

ನನಗೆ ಬರುತ್ತಿರಲಿಲ್ಲ. ನಮ್ಮ ಚೆನ್ನೆಮಣೆಗೆ ಎರಡು ಸಾಲು, ಸಾಲಿಗೆ ಏಳು ಕುಳಿ. ಇದಕ್ಕೆ ನಾಲ್ಕು ಸಾಲು, ಸಾಲಿಗೆ ಎಂಟು. ನನ್ನ ಕಡೆ ಎರಡು ಸಾಲು, ಅವರ ಕಡೆ ಎರಡು. ಆಟದ ಹೆಸರು ಬಾವೊ. ಅವರ ಭಾಷೆಯಲ್ಲಿ ಹಲಗೆ ಎಂದಷ್ಟೇ ಅರ್ಥವಂತೆ. ನಮ್ಮಲ್ಲಿ ಎಲ್ಲ ಕುಳಿಗೂ ಸಮನಾಗಿ ಕಾಯಿ ತುಂಬಿ ಶುರು ಮಾಡುತ್ತೇವೆ. ಇಲ್ಲಿ ಒಬ್ಬೊಬ್ಬರಿಗೆ ಮೂವತ್ತೆರಡು ಬೀಜ. ಮಣೆಗೆ ಇಳಿಯುವುದು ಹತ್ತೇ. ಉಳಿದ ಇಪ್ಪತ್ತೆರಡು ಕೈಯಲ್ಲಿ. ಸರದಿ ಬಂದಾಗಲೆಲ್ಲ ಒಂದೊಂದನ್ನೇ ಮುಂದಿನ ಸಾಲಿನ ಕುಳಿಗೆ ಇಡಬೇಕು, ಅದೂ ಮೊದಲೇ ಬೀಜವಿರುವ ಕುಳಿಗೆ. ಅದರ ಎದುರಿಗೆ ಎದುರಾಳಿಯ ಕುಳಿಯಲ್ಲಿ ಬೀಜವಿದ್ದರೆ ಅಷ್ಟೂ ನನ್ನದು.

ನನ್ನದಾದ ಬೀಜವನ್ನು ಬಾಚಿ ಮಡಿಲಿಗೆ ಹಾಕಿಕೊಂಡೆ. ಚೆನ್ನೆಯಲ್ಲಿ ಹಾಗೆಯೇ. ಗೆದ್ದದ್ದು ಮಣೆಯಿಂದ ಹೊರಗೆ.

ಜುಮಾ ನನ್ನ ಮಡಿಲಿನ ಕಡೆ ಬೆರಳು ತೋರಿಸಿದರು. "ಮ್ವಾಲಿಮು, ಇಲ್ಲಿ ಏನೂ ಮಣೆ ಬಿಟ್ಟು ಹೋಗುವುದಿಲ್ಲ."

ಮ್ವಾಲಿಮು ಎಂದರೆ ಟೀಚರ್. ನಾನು ಗಣಿತದವಳು ಎಂದು ತಿಳಿದ ಮೇಲೆ ಅದೇ ನನ್ನ ಹೆಸರಾಯಿತು. ಗೆದ್ದ ಬೀಜವನ್ನು ನನ್ನದೇ ಸಾಲಿನ ಒಂದು ಕೊನೆಯಿಂದ ಮತ್ತೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೊನೆಯ ಬೀಜ ಖಾಲಿ ಕುಳಿಗೆ ಬಿದ್ದರೆ ಸರದಿ ಮುಗಿಯಿತು. ಅದಕ್ಕೆ ಅವರು ಮಲಗುವುದು ಎನ್ನುತ್ತಾರೆ. ಬೀಜವಿರುವ ಕುಳಿಗೆ ಬಿದ್ದರೆ ಆಟ ಮುಂದುವರಿಯುತ್ತದೆ. ಮುಂದಿನ ಸಾಲಿನಲ್ಲಿ ಒಂದು ಕುಳಿ ಮಾತ್ರ ಚೌಕ, ಅದು ಮನೆ. ಅಲ್ಲಿ ಬೀಜ ಕೂಡಿಡಬಹುದು.

ಕೂಡಿಡುವುದು ಎಂದ ಕೂಡಲೇ ನನ್ನ ಗಣಿತ ಎದ್ದು ಕೂತಿತು. ಅವರು ತಿನ್ನುವುದು ನನ್ನ ಮುಂದಿನ ಸಾಲನ್ನು ಮಾತ್ರ, ಹಿಂದಿನ ಸಾಲಿಗೆ ಕೈ ಹಾಕುವಂತಿಲ್ಲ. ಹಾಗಾದರೆ ಎಲ್ಲವನ್ನೂ ಹಿಂದೆ ಸೇರಿಸಿಬಿಟ್ಟರೆ? ಮೂರು ದಿನ ಅದನ್ನೇ ಮಾಡಿದೆ. ಮೂರನೆಯ ದಿನ ನನ್ನ ಹಿಂದಿನ ಸಾಲು ತುಂಬಿ ತುಳುಕುತ್ತಿತ್ತು. ಮನಸ್ಸಿನಲ್ಲೇ ಎಣಿಸಿದೆ, ಅವರಿಗಿಂತ ಹೆಚ್ಚು ನನ್ನಲ್ಲೇ ಇದೆ. ಗೆದ್ದೆ ಎಂದು ತಲೆ ಎತ್ತಿದರೆ ಜುಮಾ ಎದ್ದು ಟೀ ಮಾಡಲು ಹೊರಟಿದ್ದರು. ನನ್ನ ಮುಂದಿನ ಸಾಲು ಪೂರ್ತಿ ಖಾಲಿ. ಮುಂದಿನ ಸಾಲು ಖಾಲಿಯಾದವರು ಸೋತಂತೆ. ಹಿಂದೆ ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

"ಈ ನಿಯಮ ಮೊದಲೇ ಹೇಳಬೇಕಿತ್ತು!"

"ಮೊದಲ ದಿನವೇ ಹೇಳಿದ್ದೆ. ನೀವು ಎಣಿಸುತ್ತಿದ್ದಿರಿ, ಕೇಳಿಸಿಕೊಳ್ಳಲಿಲ್ಲ."

ನಾನು ನಕ್ಕೆ. ನನ್ನ ನಗೆ ದೊಡ್ಡದು. ಶಾಲೆಯಲ್ಲಿ ಮೂರು ಕೋಣೆ ಆಚೆಗೆ ಕೇಳುತ್ತದೆ. ನಮ್ಮ ಮನೆಯ ಕೆಳಗಿನಿಂದ ಫ್ರೌ ಲೆಂಬ್ಕೆಯ ಪೊರಕೆ ಢಬಢಬ ಎಂದದ್ದು ಇಲ್ಲಿಯವರೆಗೂ ಕೇಳಿತು. ಅದಕ್ಕೂ ನಕ್ಕೆವು.

ಹೀಗೆ ದಿನವೂ ಒಂದರಿಂದ ಮೂರು. ಅವರು ಬೀಜ ಬಿತ್ತುವುದು ನೋಡುವುದೇ ಚೆಂದ. ಅಚ್ಚಿನ ಮೊಳೆ ಜೋಡಿಸಿ ಪಳಗಿದ ಬೆರಳುಗಳು, ನೋಡದೆಯೇ ಕುಳಿ ಹುಡುಕುತ್ತಿದ್ದವು. ಒಂದು ದಿನ ಆಡುತ್ತ ಆಡುತ್ತ ಹೇಳಿದರು: ಅವರ ಬೀದಿಯ ಇಂಡಿಯನ್ ಅಂಗಡಿಯವರು ಸಾಮಾನನ್ನು ಇವರ ಕೈಗೆ ಕೊಡುತ್ತಿರಲಿಲ್ಲವಂತೆ. ಹಲಗೆಯ ಮೇಲೆ ಇಟ್ಟು ಕೈ ಹಿಂದೆಗೆದುಕೊಂಡ ಮೇಲೆ ಇವರು ತೆಗೆದುಕೊಳ್ಳಬೇಕು. "ನೀವು ಮೊದಲ ದಿನ ನನ್ನ ಕೈಯಿಂದ ಟೀ ತೆಗೆದುಕೊಂಡಿರಿ," ಎಂದರು. ನಮ್ಮ ಊರಿನಲ್ಲೂ ಹಾಗೆ ಸಾಮಾನು ಇಡುವ ಹಲಗೆಗಳು ಇದ್ದವು, ಅಂಗಡಿಯ ಬದಿಯಲ್ಲಿ ನಿಂತು ಕೈ ಹಿಂದೆಗೆದುಕೊಂಡವರು ನಮ್ಮ ಮನೆಯವರೇ ಎಂದು ನಾನು ಹೇಳಲಿಲ್ಲ.

ಪತ್ರ ಬಂದ ವಾರ

ತಿಂಗಳು ತುಂಬುವ ಹೊತ್ತಿಗೆ ಪ್ರಶಾಂತನ ಕಂಪನಿ ಬಾಗಿಲು ಹಾಕಿತು. ಬೆಳಗ್ಗೆ ಹೋದವನು ಹನ್ನೊಂದಕ್ಕೆ ವಾಪಸು ಬಂದ, ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಒಂದು ಕಾಫಿ ಲೋಟ, ವಿದ್ಯಾಳ ಫೋಟೊ, ಒಂದು ಜರ್ಮನ್ ನಿಘಂಟು. ವಿದ್ಯಾ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಲೋಟ ತೆಗೆದು ತೊಳೆದಿಡು ಎಂದು ನನಗೆ ಹೇಳಿದಳು.

ಹೊಸ ಕೆಲಸ ಸಿಗದಿದ್ದರೆ ಗ್ರೀನ್ ಕಾರ್ಡ್ ಇಲ್ಲ, ಗ್ರೀನ್ ಕಾರ್ಡ್ ಇಲ್ಲದಿದ್ದರೆ ದೇಶ ಬಿಡಬೇಕು. ಪ್ರಶಾಂತ ದಿನವಿಡೀ ಎರ್ಲಾಂಗೆನ್ ಎಂಬ ಊರಿನಲ್ಲಿದ್ದ ಸ್ನೇಹಿತನಿಗೆ ಫೋನ್ ಮಾಡುತ್ತಿದ್ದ. "ಎಲ್ಲಾದ್ರೂ ಸರಿ ಮಗಾ, ಏನಾದ್ರೂ ಸರಿ," ಎನ್ನುವುದು ಗೋಡೆಯಾಚೆ ಕೇಳುತ್ತಿತ್ತು.

ಅದೇ ವಾರ ಕಟ್ಟಡದ ಆಡಳಿತ ಕಚೇರಿಯಿಂದ ಒಂದು ಪತ್ರ ಬಂತು. ಮಧ್ಯಾಹ್ನದ ಹೊತ್ತು ಮೂರನೆಯ ಮಹಡಿಯಿಂದ ಮರ ಕುಟ್ಟುವ ಸದ್ದು, ಜೋರು ನಗೆ ಬರುತ್ತಿದೆ ಎಂದು ದೂರು. ಲಿಖಿತ ಉತ್ತರ ಕೊಡಬೇಕು. ಪ್ರಶಾಂತ ಅದನ್ನು ಎರಡು ಸಲ ಓದಿದ.

"ಫಾರಿನರ್ಸ್ ಆಫೀಸಿಗೆ ಮನೆ ಓನರ್ ಲೆಟರ್ ಬೇಕು ಅಕ್ಕ. ಇವರು ಕೊಡ್ಲಿಲ್ಲ ಅಂದ್ರೆ ಮುಗೀತು."

"ನಗುವುದು ನಾನು ಅಂತ ಬರೆ ಪ್ರಶಾಂತ. ನಾನು ಊರಿಗೆ ಹೋಗುವವಳು."

"ನೀವು ಯಾರ ಗೆಸ್ಟ್? ನಮ್ಮ ಗೆಸ್ಟ್. ಆಗ ನಮ್ಮ ಮೇಲೇ ಬರುತ್ತೆ." ಪೆನ್ನು ತೆಗೆದುಕೊಂಡು ಹೇಳಿದ: "ಸದ್ದು ಬರ್ತಿರೋದು ಅವರ ಮನೆಯಿಂದ ತಾನೆ? ಅಷ್ಟೇ ಬರೀತೀನಿ. ಅದು ಸುಳ್ಳಲ್ಲ."

ಬರೆದ. ದಿನವಿಡೀ ಮನೆಯಲ್ಲಿರುವವಳು ನಾನಾದ್ದರಿಂದ ಸಾಕ್ಷಿಯಾಗಿ ನನ್ನ ಸಹಿಯೂ ಬೇಕೆಂದ.

"ಏನು ಬರೆದಿದ್ದಿ, ಓದಿ ಹೇಳು."

ಓದಿ ಹೇಳಿದ. ಎದುರು ಮನೆಯವರು ದಿನವೂ ಅತಿಥಿಗಳನ್ನು ಕರೆಸಿ ಗಲಾಟೆ ಮಾಡುತ್ತಾರೆ. ಹಸುಗೂಸು ಇರುವ ನಮಗೂ ಇದರಿಂದ ತೊಂದರೆಯಾಗಿದೆ.

ವಿದ್ಯಾಳನ್ನು ನೋಡಿದೆ. ಅವಳು ಮಗುವಿನ ಬಟ್ಟೆ ಮಡಚುತ್ತಿದ್ದಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. "ಎಂತ ಮಾಡುದು ಅಕ್ಕ," ಎಂದಳು, ತಲೆ ಎತ್ತದೆ. ನಾನು ಸಹಿ ಹಾಕಿದೆ. ಗೊತ್ತಿಲ್ಲದೆ ಹಾಕಿದೆ ಎಂದು ಹೇಳುವ ಹಾಗಿಲ್ಲ. ಪ್ರತಿ ವಾಕ್ಯವೂ ಗೊತ್ತಿತ್ತು.

ಟೇಬಲ್ ಬಟ್ಟೆ

ಮೂರು ದಿನ ನಾನು ಎದುರು ಮನೆಗೆ ಹೋಗಲಿಲ್ಲ. ನಾಲ್ಕನೆಯ ದಿನ ಜುಮಾ ತಾವೇ ಬಂದು, ಬೆಲ್ ಒತ್ತದೆ ಬೆರಳ ತುದಿಯಿಂದ ಬಾಗಿಲು ತಟ್ಟಿದರು.

"ಮಗುವಿಗೆ ಹುಷಾರಿಲ್ಲವೇ?"

ಹುಷಾರಾಗಿದೆ ಎಂದೆ. ಹಾಗಾದರೆ ಬನ್ನಿ ಎಂದರು. ಹೋಗದಿದ್ದರೆ ಕಾರಣ ಹೇಳಬೇಕಿತ್ತು. ಹೋದೆ.

ಮಣೆಯ ಕೆಳಗೆ ಒಂದು ದಪ್ಪ ಕಸೂತಿ ಬಟ್ಟೆ ಹಾಸಿದ್ದರು. ಹೆಲ್ಗಾ ಹಾಕಿದ ಕಸೂತಿ. "ಯಾರೋ ದೂರು ಕೊಟ್ಟಿದ್ದಾರಂತೆ," ಎಂದರು. "ಈ ಕಟ್ಟಡವನ್ನು ಹೊಸಬರು ಕೊಂಡಿದ್ದಾರೆ. ಹಳೆಯ ಬಾಡಿಗೆಯವರು ಯಾವಾಗ ಹೋಗುತ್ತಾರೆ ಎಂದು ಕಾಯುತ್ತಿದ್ದಾರೆ. ನಾವು ಮೆತ್ತಗೆ ಆಡೋಣ."

ಆ ವಾರ ಅವರು ನನಗೆ ಆಟದ ಎರಡನೆಯ ಭಾಗ ಕಲಿಸಿದರು. ಕೈಯಲ್ಲಿದ್ದ ಬೀಜ ಮುಗಿದ ಮೇಲೆ ಬರುವ ಭಾಗ. ಆಗ ಮಣೆಯ ಮೇಲಿರುವುದನ್ನೇ ಎತ್ತಿ ಬಿತ್ತಬೇಕು. ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಎರಡು ಮೂರು ಸುತ್ತು ಮುಂದಾಗಿ ನೋಡಬೇಕು. ಕಷ್ಟದ ಪಾಠ. ಇಬ್ಬರೂ ಬೀಜಗಳನ್ನು ಮೊಟ್ಟೆ ಇಟ್ಟ ಹಾಗೆ ಇಡುತ್ತಿದ್ದೆವು. ನಾನು ತಪ್ಪಿದರೆ ಅವರು ಎಲ್ಲ ಬೀಜ ಹಿಂದಕ್ಕೆ ಜೋಡಿಸಿ, "ಇನ್ನೊಮ್ಮೆ ನೋಡಿ, ಮ್ವಾಲಿಮು," ಎನ್ನುತ್ತಿದ್ದರು. ಮೂವತ್ತು ಮಕ್ಕಳ ಮುಂದೆ ನಾನು ಎಂದೂ ಅಷ್ಟು ತಾಳ್ಮೆ ತೋರಿದವಳಲ್ಲ. ಹೇಳಿಬಿಡೋಣ ಎಂದು ದಿನವೂ ಬಾಯಿವರೆಗೆ ಬರುತ್ತಿತ್ತು. ಟೀ ಬರುತ್ತಿತ್ತು, ಕುಡಿದು ಬರುತ್ತಿದ್ದೆ.

ಸೋಮವಾರ ಹೋದಾಗ ಮಣೆ ಮೇಜಿನ ಮೇಲೆ ಇರಲಿಲ್ಲ. ಅಲ್ಲಿ ಒಂದು ಕಾಗದವಿತ್ತು. ಆ ದೇಶದಲ್ಲಿ ಯಾರ ಮೇಲೆ ಯಾರು ಬರೆದರೂ ಒಂದು ನಕಲು ಅವರಿಗೂ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಜುಮಾ ಕನ್ನಡಕ ಹಾಕಿಕೊಂಡು ಕಾಗದದ ಕೆಳಗಿನ ಮೂಲೆಗೆ ಬೆರಳಿಟ್ಟರು.

"ಇದು ಯಾವ ಲಿಪಿ?"

ನನ್ನ ಸಹಿ ಕನ್ನಡದಲ್ಲಿ.

"ಅಚ್ಚಿನ ಮನೆಯಲ್ಲಿ ಆಯುಸ್ಸು ಕಳೆದೆ. ಈ ಅಕ್ಷರ ನೋಡಿರಲಿಲ್ಲ. ದುಂಡಗೆ ಚೆನ್ನಾಗಿದೆ. ಏನೆಂದು ಓದುವುದು?"

"ಸುಮತಿ," ಎಂದೆ.

"ಸುಮತಿ," ಎಂದರು ಅವರೂ. ಅಷ್ಟು ದಿನದಲ್ಲಿ ಅವರು ನನ್ನ ಹೆಸರು ಹೇಳಿದ್ದು ಅದೇ ಮೊದಲು. ಆಮೇಲೆ ಕಾಗದದ ಮೇಲಿನ ಸಾಲಿಗೆ ಬೆರಳು ಒಯ್ದರು. "ಇಲ್ಲಿ ಅತಿಥಿಗಳು ಎಂದು ಬರೆದಿದೆ. ಹೆಲ್ಗಾ ಹೋದ ಮೇಲೆ ಈ ಮನೆಗೆ ಬಂದ ಅತಿಥಿ ನೀವೊಬ್ಬರೇ."

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ: ತಂಗಿ, ಹಸುಗೂಸು, ಪ್ರಶಾಂತನ ಕೆಲಸ ಎಂದು. ಅವರು ಎದ್ದು ಬಾಗಿಲು ತೆರೆದು ಹಿಡಿದರು. ನಾನು ಅದರೊಳಗಿಂದ ಹೊರಗೆ ಬಂದೆ.

ಆಡಳಿತ ಕಚೇರಿ

ಮರುದಿನ ಬೆಳಗ್ಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಮೊದಲು ಕೊಟ್ಟ ಹೇಳಿಕೆ ಸರಿಯಲ್ಲ, ಅತಿಥಿ ನಾನೇ, ನಕ್ಕವಳು ನಾನೇ ಎಂದು. ತರಕಾರಿ ತರುತ್ತೇನೆ ಎಂದು ಮನೆಯಲ್ಲಿ ಹೇಳಿ, ದಾರಿ ಕೇಳಿಕೊಂಡು, ಎರಡು ಸಲ ತಪ್ಪು ಟ್ರಾಮ್ ಹತ್ತಿ, ಆಡಳಿತ ಕಚೇರಿ ಮುಟ್ಟಿದೆ. ಕಿಟಕಿಯ ಹಿಂದೆ ಇದ್ದ ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು. ಸಮಾಧಾನದಿಂದ ಓದಿದಳು.

"ಅಂದರೆ ನಿಮ್ಮ ಮನೆಯ ಬಾಡಿಗೆದಾರರು ಸುಳ್ಳು ಹೇಳಿಕೆ ಕೊಟ್ಟಿದ್ದಾರೆಯೇ?"

ಅವಳು ಪೆನ್ನು ಕೈಗೆತ್ತಿಕೊಂಡಳು.

"ಹಾಗಿದ್ದರೆ ಅವರ ಫೈಲಿಗೆ ಹಾಕಬೇಕಾಗುತ್ತದೆ. ಹಾಕಲೇ?"

ಕೇಳಿದ್ದು ವಿನಯದಿಂದಲೇ. ನನ್ನ ಕಣ್ಣ ಮುಂದೆ ಬಂದದ್ದು ಪ್ರಶಾಂತ ತಂದ ರಟ್ಟಿನ ಪೆಟ್ಟಿಗೆ, ವಿದ್ಯಾ ಮತ್ತೆ ಮತ್ತೆ ಮಡಚುತ್ತಿದ್ದ ಪುಟ್ಟ ಅಂಗಿ. ಕಿಟಕಿಯೊಳಗೆ ಕೈ ಚಾಚಿ ಪತ್ರವನ್ನು ವಾಪಸು ತೆಗೆದುಕೊಂಡೆ. ಅವಳು ನಕ್ಕು, ಒಳ್ಳೆಯ ದಿನವಾಗಲಿ ಎಂದಳು. ಹೊರಗೆ ಬಂದು ಪತ್ರವನ್ನು ಹರಿದು ಕಾಗದದ ತೊಟ್ಟಿಗೇ ಹಾಕಿದೆ. ಕಸದ ನಿಯಮವೊಂದನ್ನು ಮಾತ್ರ ತಪ್ಪದೆ ಪಾಲಿಸಿದೆ.

ಮೊದಲ ಸಲ ಸಹಿ ಹಾಕಿದ್ದಕ್ಕೆ ಗಾಬರಿ ಎಂಬ ನೆಪವಿತ್ತು. ಈ ಸಲ ಯಾವ ನೆಪವೂ ಇಲ್ಲ.

ಕಾರ್ಕಳ

ಉಳಿದ ದಿನ ಮಧ್ಯಾಹ್ನಗಳಲ್ಲಿ ಮತ್ತೆ ಅಡುಗೆಮನೆಯ ಸ್ಟೂಲು. ಹೊರಡುವ ದಿನ ಸೂಟ್‌ಕೇಸ್ ಇಳಿಸುವಾಗ ಎದುರು ಬಾಗಿಲ ಹಿಂದೆ ರೇಡಿಯೊ ಕೇಳುತ್ತಿತ್ತು. ತಟ್ಟಲಿಲ್ಲ. ಶಾಲೆ ಶುರುವಾಯಿತು. ಹಟಕ್ಕೆ ಬಿದ್ದವಳ ಹಾಗೆ ಬಡಗಿಯ ಹತ್ತಿರ ನಾಲ್ಕು ಸಾಲಿನ ಮಣೆ ಮಾಡಿಸಿದೆ. ಎಂಟನೆಯ ತರಗತಿಯ ಹುಡುಗಿಯರಿಗೆ ಕಲಿಸಿದೆ. ಅವರೂ ಮೊದಲು ಗೆದ್ದ ಬೀಜವನ್ನು ಮಡಿಲಿಗೆ ಹಾಕಿಕೊಂಡರು. ಯಾರು ಕಲಿಸಿದ್ದು ಟೀಚರ್ ಎಂದು ಕೇಳಿದರೆ, ಬರ್ಲಿನ್‌ನಲ್ಲಿ ಒಬ್ಬರು ಎನ್ನುತ್ತೇನೆ.

ಪ್ರಶಾಂತನಿಗೆ ಮನೆ ಓನರ್ ಲೆಟರ್ ಸಿಕ್ಕಿತು, ಆದರೆ ಕೆಲಸ ಸಿಗಲಿಲ್ಲ. ದೀಪಾವಳಿಗೆ ಮೊದಲೇ ಮೂವರೂ ವಾಪಸು ಬಂದರು. ನನ್ನ ಮನೆಯಲ್ಲಿ ಒಂದು ವಾರ ಇದ್ದರು. ಒಂದು ದಿನ ಪ್ರಶಾಂತ ಪೇಟೆಗೆ ಹೋಗಿದ್ದಾಗ, ಮಗುವಿಗೆ ಎಣ್ಣೆ ಹಚ್ಚುತ್ತ, ಜುಮಾ ಹೇಗಿದ್ದಾರೆ ಎಂದು ವಿದ್ಯಾಳನ್ನು ಕೇಳಿದೆ.

"ಮನೆ ಬಿಟ್ಟು ಹೋದ್ರು ಅಕ್ಕ. ಯಾರೂ ಓಡಿಸ್ಲಿಲ್ಲ. ಮನೆ ಬಿಡ್ತೇನೆ ಅಂತ ಅವರೇ ಬರೆದು ಕೊಟ್ರಂತೆ. ಹೆಂಡತಿಯ ತಮ್ಮ ಯಾವುದೋ ಹಳ್ಳಿಯಲ್ಲಿದ್ದಾರಂತೆ, ಅಲ್ಲಿಗೆ."

"ಹೋಗುವ ದಿನ ಮಾತಾಡಿದ್ಯಾ?"

ವಿದ್ಯಾ ಮಗುವಿನ ಪಾದ ಹಿಡಿದುಕೊಂಡಳು.

"ನಾನೊಬ್ಬಳೇ ಇದ್ದೆ. ಮೆಟ್ಟಿಲಲ್ಲಿ ಸಾಮಾನು ಇಳಿಸುವ ಸದ್ದು ಕೇಳಿ ಬಾಗಿಲ ತೂತಿನಲ್ಲಿ ನೋಡಿದೆ. ಕೋಟು ಹಾಕಿಕೊಂಡು ನಮ್ಮ ಬಾಗಿಲ ಮುಂದೆ ನಿಂತಿದ್ರು. ಬೆಲ್ ಒತ್ಲಿಕ್ಕೆ ಕೈ ಎತ್ತಿದ್ರು. ಅಷ್ಟರಲ್ಲಿ ಇವನು ಕೀಂಯ್ ಅಂತ ಶುರು ಮಾಡಿದ ಅಕ್ಕ. ನಾನು ಇವನ ಬಾಯಿ ಮೇಲೆ ಕೈ ಇಟ್ಟೆ. ಅವರು ಕೈ ಇಳಿಸಿ ಹೋಗುವ ತನಕ ತೆಗೀಲಿಲ್ಲ."

ಎಣ್ಣೆಯ ಬಟ್ಟಲು ನನ್ನ ಕೈಯಲ್ಲೇ ಇತ್ತು. ಮಗು ನಮ್ಮಿಬ್ಬರನ್ನೂ ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ನಾನು ಎಣ್ಣೆಯಲ್ಲಿ ಬೆರಳದ್ದಿ ಅದರ ಕಾಲಿಗೆ ಹಚ್ಚತೊಡಗಿದೆ.